ಕಿವಿಮಾತು: ಹೊಳಪಿನ ಗುಂಡಿ, ಮಾಯವಾದ ದನಿ

ಪ್ರಶ್ನೆ: ಮಂಡ್ಯದಲ್ಲಿ ಮನೆಯ ಹಿಂದಿನ ಕೋಣೆಯಲ್ಲಿ ಸಣ್ಣ ಪ್ರಮಾಣದಲ್ಲಿ ಧ್ವನಿಮುದ್ರಣ ಮಾಡಿಕೊಡುತ್ತೇನೆ. ಹೆಚ್ಚಾಗಿ ಭಜನೆ, ಸೋಬಾನೆ ಪದ. ಧ್ವನಿಮುದ್ರಣಕ್ಕೆ ರೀಪರ್ ಎಂಬ ತಂತ್ರಾಂಶ ಬಳಸುತ್ತೇನೆ. ಎರಡು ತಿಂಗಳ ಹಿಂದೆ ಏಳೂವರೆ ಸಾವಿರ ರೂಪಾಯಿ ಕೊಟ್ಟು, ಧ್ವನಿಗೆ ಹೊಳಪು ಕೊಡುತ್ತದೆ ಎನ್ನುವ ಪ್ಲಗಿನ್ (ರೀಪರ್ ಒಳಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಒಂದನ್ನು ಕೊಂಡೆ. ಎಲ್ಲ ದನಿಗಳೂ ಕೂಡುವ ಮಾಸ್ಟರ್ ಟ್ರ್ಯಾಕಿಗೆ ಹಾಕಿದ ಕೂಡಲೇ ಮಲಗಿದ್ದ ಹಾಡು ಎದ್ದು ಕೂತಂತಾಯಿತು. ಮೊಬೈಲಿನಲ್ಲಿ ಕೇಳಿದವರೆಲ್ಲ ಮೆಚ್ಚಿದರು. ಅದೇ ಹಾಡನ್ನು ಗಣಪತಿ ಪೆಂಡಾಲಿನಲ್ಲಿ ಹಾಕಿದಾಗ ಹಾಡಿದವರ ದನಿ ಹಿಂದೆ ಸರಿದು, ತಾಳದ ಚಿಟಿಚಿಟಿಯಷ್ಟೇ ಉಳಿಯಿತು. ಮೈಕ್‌ಸೆಟ್‌ನವರು ನನ್ನ ಕಡೆ ಕೈ ತೋರಿಸಿದರು. ಈ ಪ್ಲಗಿನ್ ನಿಜವಾಗಿ ಏನಾದರೂ ಮಾಡುತ್ತದೆಯೇ, ಇಲ್ಲಾ ಬರೀ ಮಂಕುಬೂದಿಯೇ?
— ಹೆಸರು ಬೇಡ, ಮಂಡ್ಯ

ಉತ್ತರ: ಎರಡೂ ಹೌದು. ಮೈಕ್‌ಸೆಟ್‌ನವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವರು ತೋರಿಸಿದ ಕಡೆಯೇ ಹುಡುಕೋಣ.

ನಿಮ್ಮ ಜಿಲ್ಲೆಯವರಿಗೆ ಬೆಲ್ಲದ ಉದಾಹರಣೆ ಸಾಕು. ಆಲೆಮನೆಯಲ್ಲಿ ಬಣ್ಣ ತಿಳಿಯಾಗಲೆಂದು ರಾಸಾಯನಿಕ ಹಾಕಿ ತೆಗೆದ ಅಚ್ಚು ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ. ಪಕ್ಕದ ಕಪ್ಪು ಬೆಲ್ಲ ಬಡಪಾಯಿಯಂತೆ ಕಾಣುತ್ತದೆ. ರುಚಿಯ ವಿಚಾರ ಬಾಯಿಗೆ ಹಾಕಿಕೊಂಡ ಮೇಲೆ. ನೀವು ಪ್ಲಗಿನ್ ಅನ್ನು ಕೊಂಡಿದ್ದು ಬಣ್ಣ ನೋಡಿ.

ಇಲ್ಲಿ ಬಣ್ಣ ಎಂದರೆ ಸದ್ದಿನ ಮಟ್ಟ. ಗುಂಡಿ ಒತ್ತಿದೊಡನೆ ಒಂದೆರಡು ಡೆಸಿಬೆಲ್ ಏರಿಸಿಬಿಡುವ ಪ್ಲಗಿನ್‌ಗಳು ಬೇಕಾದಷ್ಟಿವೆ. ಅಷ್ಟು ಸಣ್ಣ ಏರಿಕೆ ನಮ್ಮ ಕಿವಿಗೆ ‘ಜೋರಾಯಿತು’ ಎನ್ನಿಸುವುದಿಲ್ಲ, ‘ಚೆನ್ನಾಯಿತು’ ಎನ್ನಿಸುತ್ತದೆ. ಕಾರಣ ಹಳೆಯದು. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ತೋರಿಸಿದಂತೆ, ಸದ್ದು ಕಡಿಮೆಯಿದ್ದಾಗ ಕೆಳಗಿನ ಗುಮ್ಮೆನ್ನುವ ಸ್ವರಗಳೂ ತೀರಾ ಮೇಲಿನ ಸ್ವರಗಳೂ ಕಿವಿಗೆ ಸರಿಯಾಗಿ ಎಟುಕುವುದಿಲ್ಲ. ಸದ್ದು ಏರಿದಂತೆ ಅವು ತುಂಬಿಕೊಂಡು ಬರುತ್ತವೆ. ಏನೂ ಮಾಡದೆ ಬರೀ ಸದ್ದು ಏರಿಸಿದರೂ ಹಾಡು ಮೈ ತುಂಬಿಕೊಂಡಂತೆ ಕೇಳುತ್ತದೆ. ಆದ್ದರಿಂದ ಮೊದಲ ಕೆಲಸ, ಕಿವಿಗೆ ಎಷ್ಟು ಜೋರು ಎನ್ನಿಸುತ್ತದೆ ಎಂದು ಅಳೆಯುವ ಲಫ್ಸ್ (LUFS) ಮೀಟರ್ ಹಾಕಿ ಹಾಡಿನ ಅದೇ ಅರ್ಧ ನಿಮಿಷವನ್ನು ಪ್ಲಗಿನ್ ಇದ್ದಾಗ, ಇಲ್ಲದಾಗ ಅಳೆಯಿರಿ. ಎಷ್ಟು ಏರಿದೆಯೋ ಅಷ್ಟನ್ನು ಪ್ಲಗಿನ್‌ನ ಔಟ್‌ಪುಟ್‌ನಲ್ಲೇ ಇಳಿಸಿ. ಇಂಥ ಮೀಟರ್ ಪುಕ್ಕಟೆಯಾಗಿ ಸಿಗುತ್ತದೆ, ದುಡ್ಡು ಕೊಡಬೇಡಿ.

ಇನ್ನು ನನ್ನ ಮಾನ ಹೋದ ಕಥೆ. ಮೈಸೂರಿನ ಒಂಟಿಕೊಪ್ಪಲಿನ ನನ್ನ ಕೋಣೆಯಲ್ಲಿ ಇಂಥದೇ ಒಂದು ಪ್ಲಗಿನ್ ಅನ್ನು ಮೂರು ವರ್ಷ ಪ್ರತಿ ಮಿಕ್ಸ್‌ಗೂ ಹಾಕುತ್ತಿದ್ದೆ. ಅದಿಲ್ಲದೆ ನನ್ನ ಹಾಡು ಹೊರಗೆ ಹೋಗುತ್ತಲೇ ಇರಲಿಲ್ಲ. ಒಂದು ಭಾನುವಾರ ಮಗಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ಸದ್ದನ್ನು ಸರಿಸಮ ಮಾಡಿ, ನಾಣ್ಯ ಚಿಮ್ಮಿ ಬಿದ್ದಂತೆ ಪ್ಲಗಿನ್ ಹಾಕುತ್ತಲೋ ತೆಗೆಯುತ್ತಲೋ ಹದಿನಾರು ಸಲ ಕೇಳಿಸಿದಳು. ನಾನು ಸರಿಯಾಗಿ ಹೇಳಿದ್ದು ಒಂಬತ್ತು ಸಲ. ಕಣ್ಣು ಮುಚ್ಚಿ ಊಹಿಸಿದ್ದರೂ ಎಂಟು ಸಿಗುತ್ತಿತ್ತು. ಹದಿನಾರರಲ್ಲಿ ಹನ್ನೆರಡಾದರೂ ಸರಿಯಾದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಬರೀ ಊಹೆಯಿಂದ ಅಷ್ಟು ಬರುವ ಸಂಭವ ನೂರಕ್ಕೆ ನಾಲ್ಕರಷ್ಟು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಮನಃಶಾಸ್ತ್ರ. ಆ ಭಾನುವಾರದ ನಂತರ ನನಗೆ ಅದು ಆಗಾಗ ನೆನಪಾಗುತ್ತದೆ.

ಕಿವಿಯ ಪರೀಕ್ಷೆ ಮುಗಿದ ಮೇಲೆ ಕಳೆಯುವ ಲೆಕ್ಕ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹಾಡನ್ನು ಎರಡು ಟ್ರ್ಯಾಕ್‌ಗಳಲ್ಲಿಡಿ, ಒಂದಕ್ಕೆ ಮಾತ್ರ ಪ್ಲಗಿನ್ ಹಾಕಿ. ರೀಪರ್‌ನಲ್ಲಿ ಟ್ರ್ಯಾಕಿನ ಫೇಸ್ ತಿರುಗಿಸುವ, ಅಂದರೆ ದನಿಯ ಅಲೆಯನ್ನು ತಲೆಕೆಳಗು ಮಾಡುವ ಗುಂಡಿ ಇದೆ. ಒಂದರಲ್ಲಿ ಅದನ್ನು ಒತ್ತಿ ಎರಡನ್ನೂ ಒಟ್ಟಿಗೆ ನುಡಿಸಿ. ಒಂದೇ ಆಗಿರುವುದೆಲ್ಲ ಪರಸ್ಪರ ಕಳೆದುಹೋಗಿ, ಉಳಿದದ್ದು ಪ್ಲಗಿನ್ ಮಾಡಿದ ವ್ಯತ್ಯಾಸ. ಅದನ್ನು ಹೆಡ್‌ಫೋನ್‌ನಲ್ಲಿ ನಿಧಾನವಾಗಿ ಕೇಳಿ. ಇಡೀ ಹಾಡೇ ಮೆಲ್ಲಗೆ ಕೇಳಿದರೆ ಸದ್ದಿನ ಮಟ್ಟ ಇನ್ನೂ ಸರಿಸಮವಾಗಿಲ್ಲ ಎಂದು ಮೊದಲು ಅನುಮಾನಿಸಿ, ಬರೀ 0.1 ಡೆಸಿಬೆಲ್ ವ್ಯತ್ಯಾಸವಿದ್ದರೂ ಮೂಲಕ್ಕಿಂತ ಸುಮಾರು 39 ಡೆಸಿಬೆಲ್ ಕೆಳಗೆ ಹಾಡು ಪೂರ್ತಿ ಉಳಿಯುತ್ತದೆ. ತಮಟೆಯ ಏಟು ಬಿದ್ದಲ್ಲೆಲ್ಲ ‘ಟಪ್’ ಎಂಬ ತುಣುಕು ಮಾತ್ರ ಉಳಿದರೆ, ಒಳಗೊಂದು ಲಿಮಿಟರ್ ಕೂತು ಏಟಿನ ತಲೆ ಸವರುತ್ತಿದೆ. ಹೆಂಗಸರು ‘ಸೋ’ ಎಂದು ಎತ್ತಿಕೊಳ್ಳುವಾಗ ಆ ‘ಸ’ಕಾರದ ಹಿಂದೆ ಮಾತ್ರ ಮರಳು ಜರಡಿ ಹಿಡಿದಂಥ ಸದ್ದು ಬಂದರೆ, ಅದು ಹೊಸದಾಗಿ ಹುಟ್ಟಿದ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಎರಡು, ಮೂರು ಪಟ್ಟಿನಲ್ಲಿ ಮೂಡುವ ಮೇಲಿನ ಸ್ವರ. ನೀವು ಹೊಳಪು ಎಂದದ್ದು ಬಹುಶಃ ಇದನ್ನೇ.

ಈ ಲೆಕ್ಕವೂ ಕೈ ಕೊಡುವುದುಂಟು. ಉಳಿಕೆ ಜೋರಾಗಿದ್ದ ಮಾತ್ರಕ್ಕೆ ಪ್ಲಗಿನ್ ದೊಡ್ಡ ಕೆಲಸ ಮಾಡಿದೆ ಎಂದಲ್ಲ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ (ದನಿಯ ಬಿಡಿ ಅಳತೆಗಳ) ಫೈಲಿನಲ್ಲಿ ಒಂದು ಟ್ರ್ಯಾಕನ್ನು ಒಂದೇ ಒಂದು ಸ್ಯಾಂಪಲ್ ಹಿಂದಕ್ಕೆ ತಳ್ಳಿದರೂ 10,000 ಹರ್ಟ್ಜ್‌ನಲ್ಲಿ ಉಳಿಕೆಯು ಮೂಲ ಹಾಡಿಗಿಂತಲೇ ಜೋರಾಗುತ್ತದೆ. ಬಿಡಿಬಿಡಿಯಾಗಿ ಕೇಳಿದರೆ ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿರುವುದಿಲ್ಲ. ಅದಕ್ಕೇ ನನ್ನ ಮಗಳು ಮಾಡಿದಂಥ ಕುರುಡು ಪರೀಕ್ಷೆಯನ್ನು ಮೊದಲು ಹೇಳಿದೆ. ಕೇಳಿಸದ ವ್ಯತ್ಯಾಸದ ಉಳಿಕೆಯನ್ನು ಕೇಳುತ್ತಾ ಕೂರಬೇಡಿ.

ಅನುಮಾನ ಉಳಿದರೆ 1,000 ಹರ್ಟ್ಜ್‌ನ ಒಂದೇ ಶುದ್ಧ ಸ್ವರವನ್ನು ಪ್ಲಗಿನ್ ಮೂಲಕ ಹಾಯಿಸಿ, ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ನೋಡಿ. ಒಂದೇ ಗೆರೆ ಇರಬೇಕಾದಲ್ಲಿ 2,000, 3,000ಕ್ಕೂ ಗೆರೆ ಮೂಡಿದರೆ ಅದು ಹಾರ್ಮೋನಿಕ್ ಬೆರೆಸುತ್ತಿದೆ, ಅಂದರೆ ಅಳತೆಗೆ ತಕ್ಕ ವಿಕೃತಿ. ಇದು ಮೋಸವಲ್ಲ. 1970ರ ದಶಕದಲ್ಲಿ ಅಮೆರಿಕದ ಎಫೆಕ್ಸ್ ಕಂಪನಿ ಇಂಥದೇ ಕೆಲಸದ ಯಂತ್ರವನ್ನು ಮಾರದೆ, ಹಾಡಿನ ನಿಮಿಷಕ್ಕಿಷ್ಟು ಎಂದು ಬಾಡಿಗೆಗೆ ಕೊಡುತ್ತಿತ್ತು. ಬಾಡಿಗೆ ನಿಮಿಷದ ಲೆಕ್ಕದಲ್ಲಿದ್ದಾಗ ಕೈ ಎಷ್ಟು ಬಿಗಿಯಾಗಿತ್ತೋ! ಈಗ ಎಲ್ಲ ಟ್ರ್ಯಾಕಿಗೂ ಸುರಿಯುತ್ತೇವೆ.

ಪೆಂಡಾಲಿಗೆ ಬರೋಣ. ಅಲ್ಲಿನ ಹಾರನ್‌ಗಳಿಗೆ ಹೋಗುವುದು ಸಾಮಾನ್ಯವಾಗಿ ಮೊನೊ: ಎಡ ಬಲ ಎರಡೂ ಕೂಡಿ ಒಂದು. ನಿಮ್ಮ ಪ್ಲಗಿನ್‌ನಲ್ಲಿ ‘ವಿಡ್ತ್’ ಅಥವಾ ‘ವೈಡ್’ ಎಂಬ ಗುಂಡಿ ಇದೆಯೇ ನೋಡಿ. ಇದ್ದು, ಅದು ಒಂದು ಬದಿಯನ್ನು ಕೊಂಚ ತಡವಾಗಿಸಿ ಅಗಲ ತೋರಿಸುವ ಜಾತಿಯದಾದರೆ, ನಡುವೆ ನಿಂತಿದ್ದ ಹಾಡುಗಾರರಿಗೇ ಪೆಟ್ಟು. ತಡ ಒಂದು ಮಿಲಿಸೆಕೆಂಡ್ ಎಂದುಕೊಳ್ಳಿ. ಎರಡು ಬದಿಯನ್ನೂ ಕೂಡಿದಾಗ 500, 1,500, 2,500 ಹರ್ಟ್ಜ್ ಹೀಗೆ ಸಾಲಾಗಿ ಹಳ್ಳ ಬೀಳುತ್ತದೆ. ಮನುಷ್ಯರ ಮಾತು ನಿಂತಿರುವುದೇ ಆ ಜಾಗದಲ್ಲಿ. ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳಿದವರಿಗೆ ಎಡ ಬಲ ಕೂಡುವುದೇ ಇಲ್ಲ, ಹಾಗಾಗಿ ಮೆಚ್ಚಿದರು. ಮಾಸ್ಟರ್‌ನಲ್ಲಿ ಮೊನೊ ಒತ್ತಿ ಕೇಳಿ. ದನಿ ಕುಸಿದರೆ ಕಳ್ಳ ಸಿಕ್ಕ ಹಾಗೆ. ಕುಸಿಯದಿದ್ದರೆ ನನ್ನ ಅನುಮಾನ ಹೊಳಪಿನ ಮೇಲೆ. ಹಾರನ್ ಮೊದಲೇ ಮೂಗಿನಲ್ಲಿ ಹಾಡುವ ಪ್ರಾಣಿ. ಕೆಳಗಿನ ಸ್ವರ ಅದರಲ್ಲಿ ಬರುವುದಿಲ್ಲ, ಕರ್ಕಶ ಭಾಗ ಮಾತ್ರ ಮುಂದೆ ನುಗ್ಗುತ್ತದೆ. ಅದರ ಮೇಲೆ ತಾಳಕ್ಕೂ ಹೊಳಪು ಹಚ್ಚಿದರೆ ಸೋಬಾನೆ ಎಲ್ಲಿ ಕೇಳೀತು?

ಹಾಗೆಂದು ಏಳೂವರೆ ಸಾವಿರವನ್ನು ಕಾವೇರಿಗೆ ಎಸೆದಂತೇನೂ ಆಗಲಿಲ್ಲ. ಮಾಸ್ಟರ್‌ನಿಂದ ತೆಗೆದು ದನಿಯ ಟ್ರ್ಯಾಕಿಗೆ ಮಾತ್ರ ಹಾಕಿ, ವಿಡ್ತ್ ಸೊನ್ನೆ ಮಾಡಿ, ಹೊಳಪನ್ನು ಈಗಿರುವುದರ ಕಾಲುಭಾಗಕ್ಕಿಳಿಸಿ. ಅದಕ್ಕೂ ಮೊದಲು ಒಂದು ಸಾಮಾನ್ಯ ಈಕ್ವಲೈಜರ್‌ನಲ್ಲಿ 3,000 ಹರ್ಟ್ಜ್ ಸುತ್ತ ಎರಡು ಡೆಸಿಬೆಲ್ ಏರಿಸಿ ನೋಡಿ. ನಿಮ್ಮ ಕೋಣೆಯ ಗೋಡೆ ಬರೀ ಸಿಮೆಂಟಿನದಾದರೆ ಹಾಡುವವರ ಹಿಂದೆ ಎರಡು ದಪ್ಪ ಕಂಬಳಿ ತೂಗುಹಾಕಿ. ಹಾಡು ಮಂಕಾಗಿದೆ ಎಂಬ ದೂರಿನ ಅರ್ಧ ಅಲ್ಲೇ ಹೋಗಬಹುದು.

ಪ್ರಶ್ನೆ: ಅಜ್ಜಿ ನುಡಿಸಿದ ವೀಣೆಯ ಹಳೆಯ ಕ್ಯಾಸೆಟ್ ಸಿಕ್ಕಿದೆ. ಗೊರಗೊರ ತೆಗೆಯುವ ಪ್ಲಗಿನ್ ಹಾಕಿದರೆ ನೀರೊಳಗೆ ಕೂತು ನುಡಿಸಿದಂತಾಗುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಇಂಥ ಎಷ್ಟೋ ಪ್ಲಗಿನ್‌ಗಳಲ್ಲಿ ತೆಗೆದು ಹಾಕಿದ್ದನ್ನಷ್ಟೇ ಕೇಳಿಸುವ ಗುಂಡಿ ಇರುತ್ತದೆ. ಅದನ್ನು ಒತ್ತಿ. ಬರೀ ಗೊರಗೊರ ಕೇಳಿದರೆ ಸರಿ. ಅದರಲ್ಲಿ ಅಜ್ಜಿಯ ಮೀಟು ಕೇಳಿದರೆ ಅಷ್ಟು ವೀಣೆಯನ್ನೂ ಕಸದ ಜೊತೆ ಗುಡಿಸುತ್ತಿದ್ದೀರಿ, ಹಿಂದಕ್ಕೆ ಬನ್ನಿ. ವೀಣೆಯಲ್ಲಿ ಮೀಟಿದ ಮೇಲೆ ತಂತಿ ಎಳೆದು ತೆಗೆಯುವ ಗಮಕವೆಲ್ಲ ನಾದ ಇಳಿಯುತ್ತಿರುವಾಗಲೇ ಬರುವುದು. ಆ ಹೊತ್ತಿಗೆ ಅದು ಗೊರಗೊರದ ಮಟ್ಟಕ್ಕೇ ಇಳಿದಿರುತ್ತದೆ, ಪ್ಲಗಿನ್‌ಗೆ ಎರಡೂ ಒಂದೇ.

ಅದಕ್ಕಿಂತ ಮೊದಲು ಪ್ಲೇಯರ್‌ನ ಹೆಡ್ಡನ್ನು ಐಸೊಪ್ರೊಪಿಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಒಂದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ತಂತಿಯ ಚುರುಕು ಎಲ್ಲಿ ಅತಿ ಹೆಚ್ಚು ಕೇಳುತ್ತದೋ ಅಲ್ಲಿ ನಿಲ್ಲಿಸಿ. ಹಾಗೆ ತೆಗೆದ ಮೊದಲ ಪ್ರತಿಯನ್ನು ಏನೂ ಮುಟ್ಟದೆ ಬೇರೆ ಡ್ರೈವ್‌ನಲ್ಲಿಡಿ. ಪ್ಲಗಿನ್ ಆಟವೆಲ್ಲ ಎರಡನೆಯ ಪ್ರತಿಯ ಮೇಲೆ.