ಎರಡು ವರ್ಷ ಟ್ಯಾಕ್ಸ್ ಇಲ್ಲ ಅಂದವರು ಮೂರನೇ ವರ್ಷದ ಸುದ್ದಿ ಹೇಳಿದ್ದಾರಾ?

ಪ್ರಶ್ನೆ: ಮಗಳು 2026ರ ಆಗಸ್ಟ್ 10ಕ್ಕೆ ಜೆ-1 (ಶೈಕ್ಷಣಿಕ ವಿನಿಮಯದ) ವೀಸಾದಲ್ಲಿ ಅಮೆರಿಕದ ಯೂನಿವರ್ಸಿಟಿಗೆ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನೆಗೆ) ಹೋಗುತ್ತಾಳೆ. ಭಾರತದವರಿಗೆ ಎರಡು ವರ್ಷ ಟ್ಯಾಕ್ಸ್ ಇಲ್ಲವಂತೆ, ಹೌದಾ? (ಬದಿಯಡ್ಕ)

ಹೌದು, ಆದರೆ ಎಲ್ಲರೂ ಈ ‘ಹೌದು’ ಕೇಳಿದ ಕೂಡಲೇ ಎದ್ದು ಹೋಗುತ್ತಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿ ಪಾಠ, ಸಂಶೋಧನೆಗೆ ಹೋದವರ ಸಂಬಳಕ್ಕೆ ವಿನಾಯಿತಿ ಕೊಡುತ್ತದೆ. ವಾಸ ಎರಡು ವರ್ಷ ಮೀರಿತೋ, ಎರಡೂ ದೇಶಗಳ ಅಧಿಕಾರಿಗಳು ಬೇರೆ ರೀತಿ ಒಪ್ಪದಿದ್ದರೆ, ಮೊದಲ ದಿನದಿಂದಲೇ ವಿನಾಯಿತಿ ರದ್ದು. ಮೂರನೇ ವರ್ಷದ್ದಷ್ಟೇ ಅಲ್ಲ, ಹಿಂದಿನ ಎರಡು ವರ್ಷದ ತೆರಿಗೆಯೂ ಬಡ್ಡಿ ಸಮೇತ ತಲೆಗೆ ಬರುತ್ತದೆ. ನಿಮ್ಮ ಮಗಳ ಗಡು 2028ರ ಆಗಸ್ಟ್ 9. ಪ್ರೊಫೆಸರರು “ಇನ್ನಾರು ತಿಂಗಳು ಇರು” ಅಂದರೆ ಖುಷಿಪಡುವ ಮೊದಲು ಈ ತಾರೀಕು ನೋಡಲಿ.

ಹಾಗಾಗಿ ಮುಂದುವರಿಯುವ ಸಾಧ್ಯತೆ ಸ್ವಲ್ಪವಿದ್ದರೂ ಸೇರುವಾಗ 8233 ಫಾರ್ಮ್ (ಒಪ್ಪಂದದ ವಿನಾಯಿತಿ ಇದೆ, ಸಂಬಳದಲ್ಲಿ ತೆರಿಗೆ ಕಡಿಯಬೇಡಿ ಎಂದು ಹೇಳುವುದು) ಕೊಡದಿರುವುದೇ ವಾಸಿ. ತೆರಿಗೆ ಕಡಿತವಾಗಲಿ, ಪ್ರತಿವರ್ಷ ರಿಟರ್ನ್ ಹಾಕಲಿ (2026, 2027ಕ್ಕೆ ಅನಿವಾಸಿಗಳ 1040-ಎನ್‌ಆರ್). ಎರಡು ವರ್ಷದೊಳಗೆ ಊರಿಗೆ ಮರಳಿದರೆ 1040-ಎಕ್ಸ್‌ನಲ್ಲಿ ತಿದ್ದಿ ಹಣ ವಾಪಸ್ ಕೇಳಬಹುದು. ರಿಟರ್ನ್ ಹಾಕಿದ ಮೇಲೆ ಸಾಮಾನ್ಯವಾಗಿ ಮೂರು ವರ್ಷ ಸಮಯವಿದೆ. ಕೈಯಲ್ಲಿ ಖರ್ಚಾಗಿ ಹೋದ ಹಣವನ್ನು ಆಮೇಲೆ ಕಟ್ಟುವುದಕ್ಕಿಂತ ಇದು ಸುಲಭ.

ಇನ್ನೊಂದು ಗೊಂದಲ. ಸೋಶಿಯಲ್ ಸೆಕ್ಯುರಿಟಿ (ಅಲ್ಲಿನ ಪಿಂಚಣಿ ನಿಧಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಸೇರಿ 7.65% ಕಡಿತಕ್ಕೆ ಲೆಕ್ಕ ಬೇರೆ: ಅಲ್ಲಿ ಕ್ಯಾಲೆಂಡರ್ ವರ್ಷ. 2026, 2027 ಅಂತ ವಿನಾಯಿತಿಯ ಎರಡು ವರ್ಷ ಮುಗಿದವು, ಆ ಕಡಿತ 2028ರ ಜನವರಿಯಿಂದ ಶುರು. ಆಗಸ್ಟ್ ತನಕ ಏನೂ ಕಡಿತವಿಲ್ಲ ಎಂದು ಕೂತವರು ಜನವರಿಯ ಪೇಸ್ಲಿಪ್ ನೋಡಿ ಗಾಬರಿಯಾಗುತ್ತಾರೆ. ರಾಜ್ಯದ ತೆರಿಗೆಯೂ ಬೇರೆಯೇ. ಕ್ಯಾಲಿಫೋರ್ನಿಯಾ ಈ ಒಪ್ಪಂದವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಲ್ಲಿನ ಲೆಕ್ಕವನ್ನೂ ನೋಡಿ. ಉದ್ಯೋಗಕ್ಕೆಂದು ಹೊರಟವರು ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನ ಇದ್ದರೆ ನಿವಾಸಿ. ಮಾರ್ಚ್ 31ರ ತನಕದ ಅಮೆರಿಕದ ಸಂಬಳಕ್ಕೂ ಇಲ್ಲಿ ತೆರಿಗೆ. ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿ, ಮಾರ್ಚ್ ತನಕ ತಿರುಗಿ ಬಾರದಿದ್ದರೆ 181ಕ್ಕೆ ನಿಲ್ಲುತ್ತದೆ. ಆಗಸ್ಟ್ ಆದ್ದರಿಂದ ನಿಮಗೆ ಚಿಂತೆಯಿಲ್ಲ. ನಡುವೆ ಮದುವೆ, ಭೂತಕೋಲ ಅಂತ ಬಂದುಹೋದರೆ ಆ ದಿನಗಳನ್ನೂ ಕೂಡಿಸಿ.

ಪ್ರಶ್ನೆ: ಜರ್ಮನಿಯ ಸ್ಕಾಲರ್‌ಶಿಪ್‌ಗೆ ತೆರಿಗೆ ಉಂಟಾ? (ಮಂಜೇಶ್ವರ)

ಪತ್ರದ ತಲೆಬರಹ ನೋಡಿ. ಸರಕಾರಿ ಹಣದ ‘ಸ್ಟಿಪೆಂಡಿಯಮ್’ (ವಿದ್ಯಾರ್ಥಿವೇತನ) ಆಗಿದ್ದು, ಬದಲಿಗೆ ಇಂಥದೇ ಕೆಲಸ ಮಾಡಬೇಕೆಂಬ ಕರಾರಿಲ್ಲದಿದ್ದರೆ ಅಲ್ಲಿನ ಆದಾಯ ತೆರಿಗೆ ಕಾಯ್ದೆಯ 3ನೇ ಕಲಂ 44ನೇ ಅಂಶದಡಿ ಸಾಮಾನ್ಯವಾಗಿ ವಿನಾಯಿತಿ. ‘ಆರ್ಬೈಟ್ಸ್‌ಫರ್ಟ್ರಾಗ್’ (ಕೆಲಸದ ಒಪ್ಪಂದ) ಎಂದಿದ್ದರೆ ಅದು ನೌಕರಿ, ಸಂಬಳದಲ್ಲೇ ಕಡಿತ.

ಪ್ರಶ್ನೆ: ಹಣ ಎನ್‌ಆರ್‌ಇ (ಅನಿವಾಸಿಗಳ) ಖಾತೆಗೆ ಬಂದರೆ ತೆರಿಗೆ ಇಲ್ಲ ಅಲ್ಲವೇ?

ಅಲ್ಲ. ಖಾತೆಯ ಹೆಸರಿಗೂ ಸಂಬಳದ ತೆರಿಗೆಗೂ ಸಂಬಂಧವಿಲ್ಲ.

ಪ್ರಶ್ನೆ: ನನ್ನ ಪಿಎಚ್‌ಡಿ ಫೆಲೋಶಿಪ್‌ನಿಂದ 10% ಟಿಡಿಎಸ್ ಹಿಡಿದಿದ್ದಾರೆ. ರಿಟರ್ನ್ ತುಂಬಿಸುವವರು ಅದನ್ನು ತೆರಿಗೆಯಿಲ್ಲದ ಅಡಿಕೆ ಆದಾಯಕ್ಕೆ ಸೇರಿಸಿ ಎನ್ನುತ್ತಾರೆ. (ಪೆರ್ಲ)

ಆ ಮನುಷ್ಯನ ಹತ್ತಿರ ಇನ್ನು ಹೋಗಬೇಡಿ. ಎಐಎಸ್‌ನಲ್ಲಿ (ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ) ಕೊಟ್ಟವರ ಹೆಸರು, ಮೊತ್ತ, ಕಡಿತದ ಕಲಂ ಎಲ್ಲ ದಾಖಲಾಗಿರುವಾಗ ಅದು ಅಡಿಕೆ ಆಗುವುದು ಹೇಗೆ? ಸುಳ್ಳಿನ ಅಗತ್ಯವೂ ಇಲ್ಲ: ಓದಿನ ಖರ್ಚಿಗೆಂದು ಕೊಟ್ಟ ಸ್ಕಾಲರ್‌ಶಿಪ್‌ಗೆ 1961ರ ಆದಾಯ ತೆರಿಗೆ ಕಾಯ್ದೆಯ (2026ರ ಮಾರ್ಚ್ ತನಕದ ಆದಾಯಕ್ಕೆ ಅನ್ವಯ) 10(16)ರಲ್ಲಿ ವಿನಾಯಿತಿ ಇದೆ, ಹೊಸ ತೆರಿಗೆ ಪದ್ಧತಿಯಲ್ಲೂ. ವಿನಾಯಿತಿ ಆದಾಯದ ಕಾಲಮ್ಮಿನಲ್ಲಿ ತೋರಿಸಿ, ಟಿಡಿಎಸ್ ರೀಫಂಡ್ ಕೇಳಿ, ಅವಾರ್ಡ್ ಲೆಟರ್ ಜೋಪಾನವಾಗಿಡಿ. ಅಡಿಕೆಗೆ ಸೇರಿಸಿ ಈಗಾಗಲೇ ಹಾಕಿದ್ದರೆ ನೋಟಿಸ್ ಬರುವ ತನಕ ಕಾಯದೆ ರಿವೈಸ್ಡ್ ರಿಟರ್ನ್ ಹಾಕಿ, 30 ದಿನದೊಳಗೆ ಇ-ವೆರಿಫೈ ಮಾಡಿ.