ಸೇನೆ ಕಳಿಸುವ ಮುಂಚೆ ಕೇಳಬೇಕಾದ ಪ್ರಶ್ನೆ

ನಿಮ್ಮ ಪ್ರಶ್ನೆ ಇದು: ಚರ್ಚಾ ಸ್ಪರ್ಧೆಯಲ್ಲಿ "ಭಯೋತ್ಪಾದನೆಯ ವಿರುದ್ಧ ಸೇನಾ ಕಾರ್ಯಾಚರಣೆ ಸರಿ" ಎಂಬ ವಿಷಯದ ಪರವಾಗಿ ನೀವು ಮಾತಾಡಬೇಕು. ಆದರೆ ಬಾಂಬ್ ಬಿದ್ದಾಗ ಸಾಯುವ ಮಕ್ಕಳ ಮಾತು ಬಂದರೆ ಏನು ಹೇಳಬೇಕು ಎಂದು ತೋಚುತ್ತಿಲ್ಲ. ಸ್ಪರ್ಧೆ ಹಾಗಿರಲಿ, ನಿಜಕ್ಕೂ ಯಾವುದು ಸರಿ ಎಂದು ಕೇಳಿದ್ದೀರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರಿ, ಆದರೆ ಪೊಲೀಸರು ಕಾಲಿಡಲು ಆಗದ ಕಡೆ ಮಾತ್ರ, ಒಂದು ಗೊತ್ತಾದ ಕೆಲಸಕ್ಕೆ ಮಾತ್ರ. ಹಿಡಿದು ಕೋರ್ಟಿಗೆ ತರಲು ಆಗುವ ಕಡೆ ಬಾಂಬ್ ಹಾಕಿದರೆ ಅದನ್ನು ನಾನು ಒಪ್ಪುವುದಿಲ್ಲ. "ನಮ್ಮವರನ್ನು ಕೊಂದಿದ್ದಾರೆ, ಸುಮ್ನೆ ಕೂರಬೇಕಾ?" ಎನ್ನುವ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನಲ್ಲಿ ಮಾಡಿದ್ದೆಲ್ಲ ನ್ಯಾಯವಾಗಿಬಿಡುವುದಿಲ್ಲ. ತಂದೆಯನ್ನು ಮೋಸದಿಂದ ಕೊಂದರು ಎಂಬ ಅಶ್ವತ್ಥಾಮನ ಸಂಕಟ ಸುಳ್ಳಲ್ಲ. ಆದರೂ ರಾತ್ರಿ ಮಲಗಿದ್ದ ಮಕ್ಕಳನ್ನು ಕೊಂದವನನ್ನು ನಾವು ಇವತ್ತಿಗೂ ಕ್ಷಮಿಸಿಲ್ಲ, ಅಲ್ವಾ?

ಮೊದಲು ನಿಮ್ಮ ಪಕ್ಷಕ್ಕೆ ಅತಿ ಹೆಚ್ಚು ಬಲ ಕೊಡುವ ಉದಾಹರಣೆ ನೋಡಿ. 2014ರ ಆಗಸ್ಟ್‌ನಲ್ಲಿ ಉತ್ತರ ಇರಾಕಿನ ಸಿಂಜಾರ್ ಪ್ರದೇಶಕ್ಕೆ ಐಸಿಸ್ ನುಗ್ಗಿತು. ಅಲ್ಲಿದ್ದವರು ಯಜೀದಿಗಳು, ತಮ್ಮದೇ ಧರ್ಮ ಪಾಲಿಸುವ ಸಣ್ಣ ಸಮುದಾಯ. ಗಂಡಸರನ್ನು ಗುಂಪುಗುಂಪಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಹೆಂಗಸರನ್ನು, ಎಳೆಯ ಹುಡುಗಿಯರನ್ನು ಗುಲಾಮರನ್ನಾಗಿ ಮಾರಿದರು. ಹತ್ತಾರು ಸಾವಿರ ಜನ ಜೀವ ಉಳಿಸಿಕೊಳ್ಳಲು ಸಿಂಜಾರ್ ಬೆಟ್ಟ ಹತ್ತಿ, ಆ ಬಿಸಿಲಿನಲ್ಲಿ ನೀರಿಲ್ಲದೆ ಸಿಕ್ಕಿಬಿದ್ದರು. ಆಗ ಅಮೆರಿಕದ ವಿಮಾನಗಳು ಐಸಿಸ್ ಮೇಲೆ ದಾಳಿ ಮಾಡಿದವು, ಬೆಟ್ಟದ ಮೇಲೆ ನೀರು ಮತ್ತು ಆಹಾರ ಇಳಿಸಿದವು. ಸಿರಿಯಾದ ಕಡೆಯಿಂದ ಬಂದ ಕುರ್ದ್ ಹೋರಾಟಗಾರರು ಕಾದಾಡಿ ದಾರಿ ತೆರೆದರು. ಸಾವಿರಾರು ಜನ ಆ ದಾರಿಯಲ್ಲಿ ಇಳಿದು ಬದುಕಿಕೊಂಡರು. ಸಿಂಜಾರಿನಲ್ಲಿ ಯಜೀದಿಗಳ ಮೇಲೆ ನಡೆದದ್ದು ಜನಾಂಗ ಹತ್ಯೆ ಎಂದು 2016ರಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗವೇ ಹೇಳಿತು.

ಆ ಬೆಟ್ಟದ ಮೇಲಿದ್ದವರ ಮುಖ ನೋಡಿ "ಹಿಂಸೆಗೆ ಹಿಂಸೆ ಉತ್ತರವಲ್ಲ" ಎನ್ನಲು ನನ್ನಿಂದ ಆಗುವುದಿಲ್ಲ. ಅವರು ಯಾವ ಪೊಲೀಸ್ ಠಾಣೆಗೆ ಹೋಗಬೇಕಿತ್ತು? ಪಕ್ಕದ ಮೊಸುಲ್ ನಗರವೇ ಐಸಿಸ್ ಕೈಯಲ್ಲಿತ್ತು. ಅಲ್ಲಿನ ಜೈಲು, ಕೋರ್ಟು, ತೆರಿಗೆ ಎಲ್ಲವೂ ಅವರದ್ದೇ. ಒಂದು ಗುಂಪು ನೆಲ ಹಿಡಿದು, ಸೈನ್ಯ ಕಟ್ಟಿ, ದಿನವೂ ಜನರನ್ನು ಕೊಲ್ಲುತ್ತಿದ್ದರೆ ಅದನ್ನು ತಡೆಯಲು ಸೈನ್ಯವೇ ಬೇಕು. ಇಲ್ಲಿ ನಿಮಗೆ ಯಾವ ಅಳುಕೂ ಬೇಡ.

ಆದರೆ ಆ ಐಸಿಸ್ ಬಂದದ್ದೆಲ್ಲಿಂದ ಎಂದೂ ಕೇಳಬೇಕು. ಅದಕ್ಕೆ 2001ಕ್ಕೆ ಹೋಗಬೇಕು.

ಆ ವರ್ಷ ಸೆಪ್ಟೆಂಬರ್ 11ರಂದು ಬಿನ್ ಲಾಡೆನ್‌ನ ಅಲ್ ಖೈದಾ ನಡೆಸಿದ ದಾಳಿಗೆ ಅಮೆರಿಕದಲ್ಲಿ ಸುಮಾರು 3,000 ಜನ ಸತ್ತರು. ಮಾರನೆಯ ದಿನವೇ ಭದ್ರತಾ ಮಂಡಳಿ 1368ನೇ ನಿರ್ಣಯದಲ್ಲಿ ಆತ್ಮರಕ್ಷಣೆಯ ಹಕ್ಕನ್ನು ಎತ್ತಿ ಹೇಳಿತು. ಆ ಹಕ್ಕು ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯಲ್ಲಿದೆ. ಬಿನ್ ಲಾಡೆನ್‌ನನ್ನು ಒಪ್ಪಿಸಿ ಎಂದು ಅಮೆರಿಕ ಕೇಳಿತು, ಆಗ ಅಫ್ಘಾನಿಸ್ತಾನವನ್ನು ಆಳುತ್ತಿದ್ದ ತಾಲಿಬಾನ್ ಒಪ್ಪಲಿಲ್ಲ. ಅಲ್ ಖೈದಾದ ತರಬೇತಿ ಶಿಬಿರಗಳು ಅಫ್ಘಾನಿಸ್ತಾನದ ನೆಲದಲ್ಲೇ ನಡೆಯುತ್ತಿದ್ದವು. ಅಕ್ಟೋಬರ್ 7ರಂದು ಅಮೆರಿಕ ದಾಳಿ ಶುರು ಮಾಡಿತು. ಶುರು ಮಾಡಿದ್ದನ್ನು ನಾನು ತಪ್ಪು ಎನ್ನಲಾರೆ. ಆಶ್ರಯ ಕೊಟ್ಟ ಸರ್ಕಾರವೇ ಹಿಡಿದುಕೊಡುವುದಿಲ್ಲ ಎಂದಾಗ ಕೋರ್ಟಿನ ದಾರಿ ಮುಚ್ಚಿಹೋಗಿತ್ತು.

ಎಡವಿದ್ದು ಆಮೇಲೆ. ಶಿಬಿರ ಒಡೆಯುವ, ನಾಯಕರನ್ನು ಹಿಡಿಯುವ ಕೆಲಸ ಹೋಗಿ ಇಡೀ ದೇಶವನ್ನು ಹೊಸದಾಗಿ ಕಟ್ಟುವ ಕೆಲಸವಾಯಿತು. ಅಷ್ಟರಲ್ಲೇ, 2003ರಲ್ಲಿ, ಸೆಪ್ಟೆಂಬರ್ 11ರ ದಾಳಿಯಲ್ಲಿ ಕೈವಾಡವೇ ಇಲ್ಲದ ಇರಾಕಿನ ಮೇಲೆ ಯುದ್ಧ ಹೂಡಿದರು. ಅಲ್ಲಿವೆ ಎಂದು ಹೇಳಿದ್ದ ಸಾಮೂಹಿಕ ನಾಶದ ಅಸ್ತ್ರಗಳು ಸಿಗಲೇ ಇಲ್ಲ. ಸರ್ಕಾರ ಕುಸಿಯಿತು, ಇರಾಕಿನ ಸೇನೆಯನ್ನು ವಿಸರ್ಜಿಸಿದರು, ಬಂದೂಕು ಗೊತ್ತಿದ್ದ ಲಕ್ಷಾಂತರ ಜನ ಕೆಲಸವಿಲ್ಲದೆ ಬೀದಿಗೆ ಬಿದ್ದರು. ಆ ಗೊಂದಲದಲ್ಲಿ ಬೆಳೆದ ಅಲ್ ಖೈದಾದ ಇರಾಕಿ ಶಾಖೆಯೇ ಮುಂದೆ ಐಸಿಸ್ ಆಯಿತು. ಸಿಂಜಾರಿಗೆ ನುಗ್ಗಿದವರು ಇವರೇ. ಒಂದು ತಪ್ಪು ಯುದ್ಧ ಹನ್ನೊಂದು ವರ್ಷದ ನಂತರ ಇನ್ನೊಂದು ಯುದ್ಧವನ್ನು ಅನಿವಾರ್ಯ ಮಾಡಿತು. ಇದನ್ನು ಯಾವಾಗ ಓದಿದರೂ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಎರಡರ ಬೆಲೆ ತೆತ್ತವರೂ ಅಲ್ಲಿನ ಸಾಮಾನ್ಯ ಜನ.

ಬಿನ್ ಲಾಡೆನ್ ಸಿಕ್ಕಿದ್ದು 2011ರಲ್ಲಿ, ಪಾಕಿಸ್ತಾನದ ಅಬೋಟಾಬಾದಿನ ಒಂದು ಮನೆಯಲ್ಲಿ. ವರ್ಷಗಟ್ಟಲೆ ಒಬ್ಬ ಪತ್ರವಾಹಕನ ಬೆನ್ನು ಹತ್ತಿ ಆ ಮನೆ ಪತ್ತೆ ಮಾಡಿದರು, ಒಂದು ಸಣ್ಣ ಕಮಾಂಡೋ ತಂಡ ಒಂದೇ ರಾತ್ರಿಯಲ್ಲಿ ಕೆಲಸ ಮುಗಿಸಿತು. ಅಫ್ಘಾನಿಸ್ತಾನದಲ್ಲಿದ್ದ ಸೈನ್ಯ, ಸಂಖ್ಯೆ ಇಳಿಯುತ್ತಾ ಬಂದರೂ, ಇನ್ನೂ ಹತ್ತು ವರ್ಷ ಅಲ್ಲೇ ಇತ್ತು. 2021ರ ಆಗಸ್ಟ್ 15ರಂದು ತಾಲಿಬಾನ್ ಮತ್ತೆ ಕಾಬೂಲ್ ಹಿಡಿಯಿತು.

ಹಾಗಾದರೆ ಭಯೋತ್ಪಾದಕ ಗುಂಪುಗಳು ಕೊನೆಯಾಗುವುದು ಹೇಗೆ? ಅಮೆರಿಕದ ರ‍್ಯಾಂಡ್ ಸಂಸ್ಥೆ 2008ರಲ್ಲಿ ಇದನ್ನು ಲೆಕ್ಕ ಹಾಕಿತು. 1968ರಿಂದ 2006ರವರೆಗಿನ ನೂರಾರು ಗುಂಪುಗಳನ್ನು ನೋಡಿದರೆ, ಮುಗಿದುಹೋದವುಗಳಲ್ಲಿ ಶೇ. 43ರಷ್ಟು ರಾಜಕೀಯ ದಾರಿಗೆ ಬಂದಿದ್ದವು. ಶೇ. 40ರಷ್ಟನ್ನು ಪೊಲೀಸರು ಮತ್ತು ಗುಪ್ತಚರರು ಮುಗಿಸಿದ್ದರು. ಶೇ. 10ರಷ್ಟು ಗುಂಪುಗಳು ತಮ್ಮ ಗುರಿ ಸಾಧಿಸಿಕೊಂಡು ನಿಂತವು. ಸೇನೆಯಿಂದ ಮುಗಿದವು ಬರೀ ಶೇ. 7. ಇದು ಶಾಂತಿವಾದಿಗಳ ಲೆಕ್ಕ ಅಂದುಕೊಳ್ಳಬೇಡಿ, ಅಮೆರಿಕದ ರಕ್ಷಣಾ ಇಲಾಖೆಗೂ ಅಧ್ಯಯನ ಮಾಡಿಕೊಡುವ ಸಂಸ್ಥೆ ಅದು.

ಆ ಶೇ. 40 ಹೇಗಿರುತ್ತದೆ ಎಂದು ತಿಳಿಯಲು ಪೆರು ದೇಶ ನೋಡಿ. ಶೈನಿಂಗ್ ಪಾತ್ ಎಂಬ ಗುಂಪು ಅಲ್ಲಿ 1980ರಿಂದ ಹಳ್ಳಿಗಳನ್ನು ರಕ್ತದಲ್ಲಿ ಅದ್ದಿತ್ತು. ಸೈನ್ಯ ಬೆಟ್ಟಗಳಿಗೆ ಹೋಯಿತು, ಅದೂ ಹಳ್ಳಿಯವರನ್ನೇ ಕೊಂದಿತು. ಆ ಸಂಘರ್ಷದಲ್ಲಿ ಒಟ್ಟು 69,000ಕ್ಕೂ ಹೆಚ್ಚು ಜನ ಸತ್ತರು ಎಂದು ಅಲ್ಲಿನ ಸತ್ಯ ಆಯೋಗ ಅಂದಾಜು ಮಾಡಿತು. ಅರ್ಧಕ್ಕಿಂತ ಜಾಸ್ತಿ ಸಾವಿಗೆ ಶೈನಿಂಗ್ ಪಾತ್ ಕಾರಣ, ಉಳಿದದ್ದರಲ್ಲಿ ದೊಡ್ಡ ಪಾಲು ಸರ್ಕಾರದ ಪಡೆಗಳದ್ದು. ಆ ಗುಂಪಿನ ಬೆನ್ನು ಮುರಿದದ್ದು ಮಾತ್ರ ರಾಜಧಾನಿ ಲಿಮಾದ ಒಂದು ಸಣ್ಣ ಪೊಲೀಸ್ ತಂಡ. ಅನುಮಾನ ಬಂದ ಮನೆಯ ಕಸವನ್ನು ಅವರು ದಿನವೂ ತೆಗೆದು ನೋಡುತ್ತಿದ್ದರು. ಅದರಲ್ಲಿ ಸೋರಿಯಾಸಿಸ್ ಮುಲಾಮಿನ ಖಾಲಿ ಟ್ಯೂಬುಗಳು ಸಿಕ್ಕವು. ನಾಯಕ ಅಬಿಮಾಯೆಲ್ ಗುಸ್ಮಾನ್‌ಗೆ ಆ ಚರ್ಮರೋಗ ಇತ್ತು ಎಂದು ಅವರಿಗೆ ಗೊತ್ತಿತ್ತು. 1992ರ ಸೆಪ್ಟೆಂಬರ್ 12ರಂದು ಒಳಗೆ ಹೋಗಿ ಜೀವಂತವಾಗಿ ಹಿಡಿದರು. ಆಮೇಲೆ ಆ ಗುಂಪು ಹಿಂದಿನಂತೆ ತಲೆ ಎತ್ತಲಿಲ್ಲ.

ಜೀವಂತ ಹಿಡಿಯುವುದರ ಬೆಲೆ ಏನು ಎಂಬುದಕ್ಕೆ 2008ರ ಮುಂಬೈ ದಾಳಿಯೂ ಸಾಕ್ಷಿ. ಬಂದ ಹತ್ತು ಜನರಲ್ಲಿ ಒಬ್ಬ ಉಳಿದ. ಬರೀ ಲಾಠಿ ಹಿಡಿದಿದ್ದ ಪೊಲೀಸ್ ತುಕಾರಾಂ ಓಂಬ್ಳೆ ಅವನ ಬಂದೂಕಿನ ನಳಿಕೆಯನ್ನೇ ಗಟ್ಟಿಯಾಗಿ ಹಿಡಿದು, ಗುಂಡು ತಿಂದು ಪ್ರಾಣ ಬಿಟ್ಟರು. ಕಸಬ್ ಸಿಕ್ಕಿದ್ದರಿಂದಲೇ ದಾಳಿ ಎಲ್ಲಿ ತಯಾರಾಯಿತು, ಯಾರು ತರಬೇತಿ ಕೊಟ್ಟರು ಎಂಬುದು ತೆರೆದ ಕೋರ್ಟಿನಲ್ಲಿ ದಾಖಲಾಯಿತು. ಸತ್ತವನು ಬಾಯಿ ಬಿಡುವುದಿಲ್ಲ. ಓಂಬ್ಳೆ ಅವರ ಧೈರ್ಯದ ಬಗ್ಗೆ ಯೋಚಿಸಿದಾಗಲೆಲ್ಲ, "ಸೈನ್ಯ ಕಳಿಸಿ" ಎನ್ನುವುದೊಂದೇ ಗಟ್ಟಿತನ ಎಂಬ ಮಾತು ನನಗೆ ಪೊಳ್ಳು ಅನ್ನಿಸುತ್ತದೆ.

ಇನ್ನು ಮಕ್ಕಳ ಸಾವಿನ ಪ್ರಶ್ನೆ. ಅದಕ್ಕೆ ಅಡ್ಡದಾರಿ ಹುಡುಕಬೇಡಿ. ಯುದ್ಧದ ಕಾನೂನು ಏನು ಹೇಳುತ್ತದೆ ಎಂದರೆ, ನಾಗರಿಕರನ್ನು ಗುರಿ ಮಾಡುವಂತಿಲ್ಲ. ಸೈನಿಕ ಗುರಿಗೆ ಹೊಡೆಯುವಾಗಲೂ ಸಿಗುವ ಲಾಭಕ್ಕಿಂತ ನಾಗರಿಕರಿಗೆ ಆಗುವ ಹಾನಿ ವಿಪರೀತ ಅನ್ನಿಸಿದರೆ ಹೊಡೆಯುವಂತಿಲ್ಲ. ಭಯೋತ್ಪಾದಕರು ಜನರ ಮಧ್ಯೆ ಅಡಗಿದ್ದರೆ ಅದು ಅವರ ಅಪರಾಧ. ಆದರೆ ಅವರು ಜನರನ್ನು ಗುರಾಣಿ ಮಾಡಿಕೊಂಡರು ಎಂಬ ಕಾರಣಕ್ಕೆ ನಮ್ಮ ಹೊಣೆ ಕಳಚುವುದಿಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್ ಇದನ್ನು ಬಿಡಿಸಿ ಹೇಳುತ್ತದೆ.

ಹೇಳುವುದು ಸುಲಭ. 2017ರ ಮಾರ್ಚ್ 17ರಂದು ಮೊಸುಲ್‌ನಲ್ಲಿ ಒಂದು ಕಟ್ಟಡದ ಮೇಲಿದ್ದ ಇಬ್ಬರು ಐಸಿಸ್ ಬಂದೂಕುಧಾರಿಗಳಿಗೆ ಅಮೆರಿಕ ಒಂದು ಬಾಂಬ್ ಹಾಕಿತು. ಒಳಗೆ ಜನ ಆಶ್ರಯ ಪಡೆದಿದ್ದರು. ಕಟ್ಟಡವೇ ಕುಸಿದು ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ಒಳಗೆ ಐಸಿಸ್ ಸ್ಫೋಟಕ ಇಟ್ಟಿತ್ತು, ಅದಕ್ಕೇ ಅಷ್ಟು ಹಾನಿಯಾಯಿತು ಎಂದು ಅಮೆರಿಕದ ತನಿಖೆ ಹೇಳಿತು. ಇರಬಹುದು. ಆದರೂ ಇಬ್ಬರಿಗಾಗಿ ನೂರು ಜನ ಎಂಬ ಲೆಕ್ಕ ಹಾಗೇ ಉಳಿಯುತ್ತದೆ. ಮೊಸುಲ್ ಬಿಡಿಸುವ ಯುದ್ಧ ಸರಿ ಎಂದೇ ನಾನು ನಂಬುತ್ತೇನೆ, ಆ ಬಾಂಬನ್ನು ಮಾತ್ರ ಒಪ್ಪುವುದಿಲ್ಲ. ಯುದ್ಧಕ್ಕೆ ಇಳಿದದ್ದು ಸರಿಯೇ ಎಂಬುದು ಒಂದು ಪ್ರಶ್ನೆ, ಅದನ್ನು ನಡೆಸಿದ ರೀತಿ ಸರಿಯೇ ಎಂಬುದು ಬೇರೆಯೇ ಪ್ರಶ್ನೆ. ಚರ್ಚೆಯಲ್ಲಿ ಇವೆರಡನ್ನೂ ಕಲಸಿಬಿಟ್ಟರೆ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ.

ಸಿಟ್ಟು ಮತ್ತು ಅವಸರ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಕಾಬೂಲ್ ಉದಾಹರಣೆ. 2021ರ ಆಗಸ್ಟ್ 26ರಂದು ವಿಮಾನ ನಿಲ್ದಾಣದ ಬಾಗಿಲಲ್ಲಿ ಆತ್ಮಾಹುತಿ ದಾಳಿ ನಡೆಯಿತು. 13 ಅಮೆರಿಕನ್ ಸೈನಿಕರು, ನೂರಕ್ಕೂ ಹೆಚ್ಚು ಅಫ್ಘನ್ನರು ಸತ್ತರು. ಮೂರು ದಿನದ ನಂತರ ಇನ್ನೊಂದು ದಾಳಿ ತಡೆಯುತ್ತೇವೆ ಎಂದು ಅಮೆರಿಕದವರು ಡ್ರೋನ್‌ನಿಂದ ಒಂದು ಕಾರಿಗೆ ಹೊಡೆದರು. ಸತ್ತವರು 10 ಜನ, ಅದರಲ್ಲಿ 7 ಮಕ್ಕಳು. ಕಾರಿನವನು ನೆರವು ಸಂಸ್ಥೆಯ ನೌಕರ. ಮೊದಲು ಇದನ್ನು ಸರಿಯಾದ ದಾಳಿ ಎಂದು ಸಮರ್ಥಿಸಿಕೊಂಡರು. ಪತ್ರಕರ್ತರು ಕೆದಕಿದ ಮೇಲೆ, ಸೆಪ್ಟೆಂಬರ್ 17ರಂದು, ತಪ್ಪಾಯಿತು ಎಂದರು. ಆಮೇಲೆ ಯಾರಿಗೂ ಶಿಕ್ಷೆಯಾಗಲಿಲ್ಲ. ನಮ್ಮ ಮನೆಯಲ್ಲಿ ಏಳು ಮಕ್ಕಳು ಹೀಗೆ ಸತ್ತಿದ್ದರೆ ನಾವು ಯಾರನ್ನು ಭಯೋತ್ಪಾದಕರು ಎನ್ನುತ್ತಿದ್ದೆವು?

ಉತ್ತರ ಐರ್ಲೆಂಡಿನಲ್ಲೂ ಇಂಥದ್ದೇ ಪಾಠ. 1971ರಲ್ಲಿ ಬ್ರಿಟನ್ ವಿಚಾರಣೆ ಇಲ್ಲದೆ ಜನರನ್ನು ಕೂಡಿಹಾಕಿತು. 1972ರ ಜನವರಿ 30ರಂದು ಡೆರಿ ನಗರದಲ್ಲಿ ಮೆರವಣಿಗೆ ಮಾಡುತ್ತಿದ್ದವರ ಮೇಲೆ ಸೈನಿಕರು ಗುಂಡು ಹಾರಿಸಿ 13 ಜನರನ್ನು ಅಲ್ಲೇ ಕೊಂದರು. ಆಮೇಲೆ ಬ್ರಿಟನ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎಗೆ ಸೇರುವ ಹುಡುಗರಿಗೆ ಕೊರತೆಯೇ ಆಗಲಿಲ್ಲ. ಆ ಸಂಘರ್ಷದಲ್ಲಿ ಅತಿ ಹೆಚ್ಚು ಜನ ಸತ್ತದ್ದು ಆ 1972ರಲ್ಲೇ. ಕೊನೆಗೆ ಹಿಂಸೆ ಇಳಿದದ್ದು 1998ರ ಒಪ್ಪಂದದಿಂದ.

ಎದುರು ತಂಡ ಬುದ್ಧಿವಂತರಾಗಿದ್ದರೆ, ಮತ್ತು ನೀವು ನನ್ನ ಹಾಗೆ ಮಿತಿ ಹಾಕಿ ಮಾತಾಡಿದರೆ, ಮಿತಿ ಇಟ್ಟುಕೊಂಡ ಸೇನೆ ಗೆಲ್ಲುವುದಿಲ್ಲ ಎಂದು ತೋರಿಸಲು ಶ್ರೀಲಂಕಾ ತೆಗೆಯುತ್ತಾರೆ. ಎಲ್‌ಟಿಟಿಇಯನ್ನು ಮುಗಿಸಿದ್ದು ಸೇನೆಯೇ. ಮಾತುಕತೆ ಎಷ್ಟೋ ಸಲ ಮುರಿದುಬಿದ್ದಿತ್ತು. 2009ರ ಮೇ ತಿಂಗಳಲ್ಲಿ ಪ್ರಭಾಕರನ್ ಸತ್ತ, ಅಲ್ಲಿಗೆ ಆತ್ಮಾಹುತಿ ಬಾಂಬುಗಳ ಆ ಕಾಲವೂ ಮುಗಿಯಿತು. ಬಸ್ಸು ಹತ್ತಲು ಹೆದರುತ್ತಿದ್ದ ಕೊಲಂಬೊದ ಜನರಿಗೆ ಅದು ಎಂಥ ಬಿಡುಗಡೆ ಎಂಬುದನ್ನು ಕಡಿಮೆ ಮಾಡಿ ನೋಡಬಾರದು. ಆದರೆ ಕೊನೆಯ ತಿಂಗಳುಗಳಲ್ಲಿ ಲಕ್ಷಾಂತರ ತಮಿಳು ನಾಗರಿಕರು ಕಡಲ ಪಕ್ಕದ ಒಂದು ಸಣ್ಣ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದರು. ತಪ್ಪಿಸಿಕೊಳ್ಳಲು ಹೋದವರಿಗೆ ಎಲ್‌ಟಿಟಿಇಯೇ ಗುಂಡು ಹಾರಿಸಿತು. ಸರ್ಕಾರ "ಇಲ್ಲಿ ಗುಂಡು ಹಾರಿಸುವುದಿಲ್ಲ, ಇಲ್ಲಿಗೆ ಬನ್ನಿ" ಎಂದು ಗುರುತಿಸಿದ ಜಾಗಗಳ ಮೇಲೇ ಶೆಲ್ ಬಿದ್ದವು. ಸತ್ತ ನಾಗರಿಕರು 40,000ದವರೆಗೂ ಇರಬಹುದು ಎಂದು 2011ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಸರ್ಕಾರ ಆ ಸಂಖ್ಯೆಯನ್ನು ಒಪ್ಪಲಿಲ್ಲ.

ಇದಕ್ಕೆ ನನ್ನ ಉತ್ತರ ಇಷ್ಟೇ. ಎಲ್‌ಟಿಟಿಇಗೆ ನೆಲ, ಸೈನ್ಯ, ಹಡಗುಗಳೂ ಇದ್ದವು. ಅದರ ವಿರುದ್ಧ ಸೇನೆ ಹೋಗಿದ್ದನ್ನು ಒಪ್ಪುತ್ತೇನೆ. ಬನ್ನಿ ಎಂದು ಕರೆದ ಜಾಗಕ್ಕೇ ಶೆಲ್ ಹಾಕಿದ್ದನ್ನು ಯಾವ ಗೆಲುವಿನ ಹೆಸರಿನಲ್ಲೂ ಒಪ್ಪಲಾರೆ. "ಹಾಗೆ ಮಾಡದಿದ್ದರೆ ಗೆಲ್ಲುತ್ತಿರಲಿಲ್ಲ" ಎಂದು ಅವರು ಹೇಳಿದರೆ, ಅದನ್ನು ಸಾಬೀತು ಮಾಡುವ ಹೊಣೆ ಅವರದ್ದು ಎಂದು ಹೇಳಿ. ಕೊಂದವನು ಕೊಲ್ಲದೆ ದಾರಿ ಇರಲಿಲ್ಲ ಎಂದು ತೋರಿಸಬೇಕು. ಸತ್ತವರ ಮನೆಯವರನ್ನು ದಾರಿ ಇತ್ತು ಎಂದು ತೋರಿಸಿ ಎಂದು ಕೇಳುವಂತಿಲ್ಲ.

ವೇದಿಕೆಯಲ್ಲಿ ನಿಮಗೆ ಸಮಯ ಕಡಿಮೆ ಸಿಗುತ್ತದೆ. ಸಿಂಜಾರಿನಿಂದ ಶುರು ಮಾಡಿ, ಇರಾಕ್ ಯುದ್ಧವನ್ನು ನೀವಾಗಿಯೇ ತಪ್ಪೆಂದು ಒಪ್ಪಿಬಿಡಿ, ಎದುರಿನವರ ಅರ್ಧ ವಾದ ಅಲ್ಲೇ ಕರಗುತ್ತದೆ. ಆಮೇಲೆ ಸೇನೆ ಕಳಿಸುವ ಸರ್ಕಾರಕ್ಕೆ ಮೂರು ಮಾತು ಕೇಳಿ: ಇವರನ್ನು ಬಂಧಿಸಲು ಆಗುತ್ತಿತ್ತೇ? ಕೆಲಸ ಮುಗಿಯಿತು ಎಂದು ಯಾವಾಗ ಹೇಳುತ್ತೀರಿ? ನಿಮ್ಮ ಬಾಂಬಿಗೆ ಸತ್ತ ನಾಗರಿಕರನ್ನು ಎಣಿಸಿ, ಅವರ ಹೆಸರನ್ನು ಬಹಿರಂಗಪಡಿಸುತ್ತೀರಾ? ಮೂರಕ್ಕೂ ಉತ್ತರ ಕೊಡುವ ಸರ್ಕಾರದ ಪರವಾಗಿ ನೀವು ಧೈರ್ಯವಾಗಿ ವಾದಿಸಬಹುದು.