ಅಳಿಸಿದ ಡೇಟಾಬೇಸ್‌ನ ವಿವರ ಎಪಿಐನಲ್ಲಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದ್ದ ಡೇಟಾಬೇಸ್ ಒಂದು ಅಳಿದುಹೋಗಿದೆ. ಯಾವಾಗ ಅಳಿಯಿತು, ಎಲ್ಲಿಯವರೆಗಿನ ಬ್ಯಾಕಪ್ ಉಳಿದಿದೆ ಎಂಬುದನ್ನು ರೆಸ್ಟ್ ಎಪಿಐ (ವೆಬ್ ವಿಳಾಸಗಳಿಗೆ ಕೋರಿಕೆ ಕಳಿಸಿ ಕೆಲಸ ಮಾಡಿಸುವ ವಿಧಾನ) ಮೂಲಕ ತಿಳಿಯಬೇಕು. ಹಳೆಯ ವಿಳಾಸಕ್ಕೆ ಗೆಟ್ (ಓದುವ ಕೋರಿಕೆ) ಕಳಿಸಿದರೆ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತಿದೆ. ಹೆಸರಿನಲ್ಲಿ ತಪ್ಪಿಲ್ಲ.

ಉತ್ತರ: ಹೆಸರು ಸರಿಯಿದ್ದರೂ 404 ಬರಲೇಬೇಕು. ಅಳಿದ ಕ್ಷಣವೇ ಆ ಡೇಟಾಬೇಸ್ ‘ಡೇಟಾಬೇಸಸ್’ ಎಂಬ ದಾರಿಯಿಂದ ಹೊರಬಿದ್ದು, ಅದೇ ಸರ್ವರ್‌ನ ಕೆಳಗಿರುವ ‘ರೆಸ್ಟೋರಬಲ್ ಡ್ರಾಪ್ಡ್ ಡೇಟಾಬೇಸಸ್’ ಎಂಬ ಇನ್ನೊಂದು ದಾರಿಗೆ ಸೇರುತ್ತದೆ. ವಿಳಾಸದ ಮೊದಲ ಭಾಗ, ಅಂದರೆ ಸಬ್‌ಸ್ಕ್ರಿಪ್ಷನ್, ರಿಸೋರ್ಸ್ ಗ್ರೂಪ್, ಸರ್ವರ್ ಹೆಸರು, ಎಲ್ಲ ಮೊದಲಿನಂತೆಯೇ ಇರಲಿ. ಅದರ ಮುಂದಿನ ಪದವನ್ನು ಮಾತ್ರ ಬದಲಿಸಿ. ಪದಗಳ ನಡುವೆ ಜಾಗ ಬಿಡಬಾರದು, ಕೊನೆಯಲ್ಲಿ ಎಪಿಐ ಆವೃತ್ತಿಯ ದಿನಾಂಕವನ್ನು ಬಿಡುವಂತಿಲ್ಲ.

ಆದರೆ ಇಲ್ಲಿಯೂ ಬರೀ ಹೆಸರು ಕೊಟ್ಟರೆ ಮತ್ತೆ 404. ಒಂದೇ ಹೆಸರಿನ ಡೇಟಾಬೇಸನ್ನು ಅಳಿಸಿ, ಮತ್ತೆ ಸೃಷ್ಟಿಸಿ, ಮತ್ತೆ ಅಳಿಸಿರಬಹುದು. ಹಾಗಾಗಿ ಅಳಿದ ಪ್ರತಿಯೊಂದರ ಗುರುತು ‘ಹೆಸರು, ಅಲ್ಪವಿರಾಮ, ಅಳಿದ ಸಮಯ’ ಎಂಬ ರೂಪದಲ್ಲಿರುತ್ತದೆ. ಆ ಸಮಯ 18 ಅಂಕಿಗಳ ಸಂಖ್ಯೆ: 1601ರ ಜನವರಿ 1ರಿಂದ, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ, ಸೆಕೆಂಡಿನ ಕೋಟಿಯಲ್ಲೊಂದು ಭಾಗವನ್ನು ಒಂದು ಎಣಿಕೆಯಾಗಿ ಹಿಡಿದದ್ದು. ಉದಾಹರಣೆಗೆ 133444736000000000 ಎಂದರೆ 2023ರ ನವೆಂಬರ್ 14, ಯುಟಿಸಿ 22:13:20. ಯೂನಿಕ್ಸ್ ಸಮಯಕ್ಕೆ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು) ತರಬೇಕಿದ್ದರೆ 1 ಕೋಟಿಯಿಂದ ಭಾಗಿಸಿ 11644473600 ಕಳೆಯಿರಿ.

ಇದನ್ನು ಲೆಕ್ಕ ಹಾಕಿ ಊಹಿಸುವ ಗೋಜಿಗೆ ಹೋಗಬೇಡಿ. ಕೊನೆಯ ಅಂಕಿಗಳು ಸೆಕೆಂಡಿಗಿಂತ ಸೂಕ್ಷ್ಮವಾಗಿರುವುದರಿಂದ ಊಹೆ ಹೊಂದುವುದೇ ಇಲ್ಲ. ಗುರುತಿನ ಭಾಗವನ್ನು ಬಿಟ್ಟು ಗೆಟ್ ಕಳಿಸಿದರೆ ಆ ಸರ್ವರ್‌ನಲ್ಲಿ ಅಳಿದವುಗಳ ಪಟ್ಟಿ ಬರುತ್ತದೆ. ಅದರಿಂದ ‘ನೇಮ್’ ಅಥವಾ ‘ಐಡಿ’ ಮೌಲ್ಯವನ್ನು ಹಾಗೆಯೇ ಎತ್ತಿಕೊಳ್ಳಿ. ಎತ್ತಿಕೊಳ್ಳುವಾಗಲೂ ಎಚ್ಚರ ಬೇಕು. 18 ಅಂಕಿಗಳನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಸಂಖ್ಯೆಯಾಗಿ ಓದಿದರೆ ಕೊನೆಯವು ಸದ್ದಿಲ್ಲದೆ ದುಂಡಾಗುತ್ತವೆ. ಎಕ್ಸೆಲ್ 15 ಅಂಕಿಗಳ ನಂತರ ಸೊನ್ನೆ ತುಂಬುತ್ತದೆ. ಮೊದಲಿನಿಂದ ಕೊನೆಯವರೆಗೆ ಅದನ್ನು ಸ್ಟ್ರಿಂಗ್ ಆಗಿಯೇ ಇಟ್ಟುಕೊಳ್ಳಿ.

ಉತ್ತರವಾಗಿ ಬರುವ ಜೇಸನ್‌ನ (ಹೆಸರು-ಮೌಲ್ಯಗಳ ಪಠ್ಯರೂಪ) ‘ಪ್ರಾಪರ್ಟೀಸ್’ ಒಳಗೆ ಮೂಲ ಹೆಸರು, ಸೃಷ್ಟಿಯಾದ ದಿನ, ಅಳಿದ ದಿನ, ಗರಿಷ್ಠ ಗಾತ್ರ ಬೈಟ್‌ಗಳಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ‘ಅರ್ಲಿಯೆಸ್ಟ್ ರೆಸ್ಟೋರ್ ಡೇಟ್’ ಇರುತ್ತವೆ. ಆ ದಿನಾಂಕಕ್ಕಿಂತ ಹಿಂದಕ್ಕೆ ಹೋಗಲಾಗದು. ಗರಿಷ್ಠ ಗಾತ್ರ ಎಂದರೆ ಆ ಡೇಟಾಬೇಸ್‌ಗೆ ಗೊತ್ತುಪಡಿಸಿದ್ದ ಮಿತಿ, ಒಳಗಿದ್ದ ದತ್ತಾಂಶದ ಅಳತೆಯಲ್ಲ. ಇದನ್ನು ತಪ್ಪಾಗಿ ಓದುವವರು ಬಹಳ.

404ರ ಬದಲು 401 (ಗುರುತು ಒಪ್ಪಿಗೆಯಾಗಿಲ್ಲ) ಬಂದರೆ ಟೋಕನ್, ಅಂದರೆ ಕೋರಿಕೆಯೊಂದಿಗೆ ಕಳಿಸುವ ಗುರುತಿನ ಚೀಟಿ ನೋಡಿ. ಡೇಟಾಬೇಸ್‌ಗೆ ಲಾಗಿನ್ ಆಗಲು ಪಡೆದ ಟೋಕನ್ ಇಲ್ಲಿ ನಡೆಯದು, ಅಜೂರ್ ಮ್ಯಾನೇಜ್‌ಮೆಂಟ್ ವಿಳಾಸಕ್ಕೆಂದೇ ಪಡೆದದ್ದು ಬೇಕು. ಅಜೂರ್ ಸಿಎಲ್‌ಐನ (ಆದೇಶ ಟೈಪಿಸಿ ಬಳಸುವ ಸಾಧನ) ‘ಎಝಡ್ ರೆಸ್ಟ್’ ಆದೇಶ ಬಳಸಿದರೆ ಈ ತಲೆನೋವು ಇಲ್ಲ, ಟೋಕನ್ ಅದೇ ಜೋಡಿಸಿಕೊಳ್ಳುತ್ತದೆ. 403 ಎಂದರೆ ಅನುಮತಿಯ ಕೊರತೆ. ಓದಲು ಸರ್ವರ್ ಮೇಲೆ ‘ರೀಡರ್’ ಪಾತ್ರ ಸಾಕು.

ಪ್ರಶ್ನೆ: ಪಟ್ಟಿ 200 (ಯಶಸ್ವಿ) ಎಂದೇ ಬರುತ್ತದೆ, ಆದರೆ ಒಳಗೆ ಏನೂ ಇಲ್ಲ. ಏಕೆ?

ಉತ್ತರ: ಈಗಷ್ಟೇ ಅಳಿಸಿದ್ದರೆ ಕೆಲವು ನಿಮಿಷ ಕಾಯಿರಿ, ಪಟ್ಟಿಗೆ ಬರಲು ಹೊತ್ತು ಹಿಡಿಯುತ್ತದೆ. ಅಳಿಸಿ ದಿನಗಳಾಗಿದ್ದರೆ ಬ್ಯಾಕಪ್ ಉಳಿಸುವ ಅವಧಿ ಮುಗಿದಿರಬಹುದು. ಏನನ್ನೂ ಬದಲಿಸದಿದ್ದರೆ ಅದು 7 ದಿನ. 1ರಿಂದ 35ರವರೆಗೆ ಹೊಂದಿಸಿಕೊಳ್ಳಬಹುದು, ಬೇಸಿಕ್ ಶ್ರೇಣಿಯಲ್ಲಿ ಮಾತ್ರ 7ಕ್ಕೇ ನಿಲ್ಲುತ್ತದೆ. ಅವಧಿ ಮುಗಿದ ಮೇಲೆ ಪಟ್ಟಿಯಿಂದಲೂ ಹೋಗುತ್ತದೆ.

ಮುಂಚೆಯೇ ದೀರ್ಘಾವಧಿ ಬ್ಯಾಕಪ್ ನೀತಿ ಹಾಕಿದ್ದರೆ ಇನ್ನೊಂದು ಬಾಗಿಲಿದೆ. ಅದು ಸರ್ವರ್‌ನ ಕೆಳಗಲ್ಲ, ‘ಲೊಕೇಷನ್ಸ್’ ದಾರಿಯ ಕೆಳಗಿದೆ. ‘ಡೇಟಾಬೇಸ್ ಸ್ಟೇಟ್’ ಎಂಬಲ್ಲಿ ‘ಡಿಲೀಟೆಡ್’ ಎಂದು ಕೊಟ್ಟರೆ ಅಳಿದವುಗಳ ಬ್ಯಾಕಪ್‌ಗಳು ಮಾತ್ರ ಬರುತ್ತವೆ. ಇವುಗಳನ್ನು 10 ವರ್ಷದವರೆಗೂ ಇಡಬಹುದು. ಸರ್ವರನ್ನೇ ಅಳಿಸಿದವರಿಗೂ ಇದೇ ದಾರಿ ನೋಡಿ ಎನ್ನುತ್ತೇವೆ, ಏಕೆಂದರೆ ಮೊದಲ ಪಟ್ಟಿ ಸರ್ವರ್‌ನೊಂದಿಗೇ ಹೋಗಿರುತ್ತದೆ. ಹಳೆಯದನ್ನು ಸ್ವಚ್ಛ ಮಾಡುವ ಭರದಲ್ಲಿ ‘ಡೇಟಾಬೇಸ್ ಹೇಗೂ ಹೋಯಿತು, ಖಾಲಿ ಸರ್ವರ್ ಯಾಕೆ’ ಎಂದು ಅದನ್ನೂ ತೆಗೆಯುವುದು ಇಲ್ಲಿ ದುಬಾರಿ ತಪ್ಪು.

ಪ್ರಶ್ನೆ: ವಿವರ ಸಿಕ್ಕಿತು. ಅದರಿಂದಲೇ ಡೇಟಾಬೇಸ್ ಮರಳಿ ಪಡೆಯುವುದು ಹೇಗೆ?

ಉತ್ತರ: ಅದೇ ಸರ್ವರ್‌ನ ‘ಡೇಟಾಬೇಸಸ್’ ದಾರಿಗೆ ಹೊಸ ಹೆಸರಿನೊಂದಿಗೆ ಪುಟ್ (ಸೃಷ್ಟಿಸುವ ಕೋರಿಕೆ) ಕಳಿಸಿ. ಹಳೆಯ ಹೆಸರು ಖಾಲಿಯಿದ್ದರೆ ಅದನ್ನೇ ಕೊಡಬಹುದು. ಬಾಡಿಯಲ್ಲಿ, ಅಂದರೆ ಕೋರಿಕೆಯ ಒಡಲಿನಲ್ಲಿ, ಸರ್ವರ್ ಇರುವ ಪ್ರದೇಶ, ‘ಕ್ರಿಯೇಟ್ ಮೋಡ್’ಗೆ ‘ರೆಸ್ಟೋರ್’, ‘ಸೋರ್ಸ್ ಡೇಟಾಬೇಸ್ ಐಡಿ’ಗೆ ಪಟ್ಟಿಯಲ್ಲಿ ಸಿಕ್ಕ ಪೂರ್ಣ ಐಡಿ ಕೊಡಿ. ಮೂಲ ಡೇಟಾಬೇಸ್‌ನ ಹಳೆಯ ಐಡಿಯನ್ನೂ ಕೊಡಬಹುದು, ಆದರೆ ಆಗ ಅಳಿದ ಸಮಯವನ್ನು ‘ಸೋರ್ಸ್ ಡೇಟಾಬೇಸ್ ಡಿಲೀಷನ್ ಡೇಟ್’ ಆಗಿ ಬೇರೆಯೇ ಕೊಡಬೇಕು. ಮೊದಲನೆಯದೇ ಸಲೀಸು.

ಅಳಿಸುವ ಮುನ್ನವೇ ಯಾರೋ ಕೋಷ್ಟಕಗಳನ್ನು ಕೆಡಿಸಿದ್ದರೆ ‘ರೆಸ್ಟೋರ್ ಪಾಯಿಂಟ್ ಇನ್ ಟೈಮ್’ ಸೇರಿಸಿ. ಅದು ಅರ್ಲಿಯೆಸ್ಟ್ ರೆಸ್ಟೋರ್ ಡೇಟ್ ಮತ್ತು ಅಳಿದ ಸಮಯದ ನಡುವೆ, ಯುಟಿಸಿಯಲ್ಲಿರಬೇಕು. ಗೋಡೆ ಗಡಿಯಾರ ನೋಡಿ ಬರೆದ ಸ್ಥಳೀಯ ಸಮಯ ಈ ಗಡಿಯಾಚೆ ಹೋದರೆ ಕೋರಿಕೆ ತಿರಸ್ಕೃತವಾಗುತ್ತದೆ. ಗಡಿಯೊಳಗೇ ಇದ್ದರೆ ಇನ್ನೂ ಕಷ್ಟ, ಬೇಡದ ಗಂಟೆಯ ಪ್ರತಿ ಸದ್ದಿಲ್ಲದೆ ಬರುತ್ತದೆ.

202 (ಕೋರಿಕೆ ಸ್ವೀಕೃತ) ಬಂದರೆ ಕೆಲಸ ಮುಗಿದಿಲ್ಲ, ಶುರುವಾಗಿದೆ ಅಷ್ಟೆ. ಉತ್ತರದ ಹೆಡರ್‌ನಲ್ಲಿ (ತಲೆಬರಹದ ಭಾಗ) ಬಂದ ವಿಳಾಸಕ್ಕೆ ಗೆಟ್ ಕಳಿಸಿ ಆಗಾಗ ಕೇಳುತ್ತಿರಿ. ದೊಡ್ಡ ಡೇಟಾಬೇಸ್‌ಗೆ ಗಂಟೆಗಳೇ ಹಿಡಿಯಬಹುದು. ಎನ್‌ಕ್ರಿಪ್ಷನ್‌ಗೆ ಸ್ವಂತ ಕೀ ಬಳಸುತ್ತಿದ್ದರೆ, ಬ್ಯಾಕಪ್ ತೆಗೆದಾಗ ಇದ್ದ ಹಳೆಯ ಕೀ ಇನ್ನೂ ಕೀ ವಾಲ್ಟ್‌ನಲ್ಲಿದೆಯೇ (ಅಜೂರ್‌ನಲ್ಲಿ ಕೀಗಳನ್ನು ಕಾಪಾಡುವ ಸೇವೆ), ಸರ್ವರ್‌ಗೆ ಅದು ಎಟುಕುತ್ತದೆಯೇ ಎಂದು ಪುಟ್ ಕಳಿಸುವ ಮೊದಲೇ ನೋಡಿಕೊಳ್ಳಿ.